ಬ್ರಿಟನ್ನಿನಲ್ಲಿ ಆಶ್ರಯ ಕೇಳಿ ಬರುವವರ ಮೇಲೆ ಜನರಿಗೆ ಯಾಕಿಷ್ಟು ಸಿಟ್ಟು?

ಸಿಟ್ಟಿದೆ, ನಿಜ. ಆದರೆ ಎಲ್ಲರ ಮೇಲೂ ಒಂದೇ ಥರ ಇಲ್ಲ. 2022ರ ಮಾರ್ಚ್‌ನಲ್ಲಿ ಉಕ್ರೇನಿನವರಿಗೆಂದು ಸರ್ಕಾರ ಯೋಜನೆ ತಂದಾಗ ಸಾವಿರಾರು ಕುಟುಂಬಗಳು ತಮ್ಮ ಮನೆಯಲ್ಲೇ ಕೋಣೆ ಬಿಟ್ಟುಕೊಟ್ಟವು. ಮುಂದಿನ ತಿಂಗಳೇ ಅದೇ ಸರ್ಕಾರ, ಸಣ್ಣ ದೋಣಿಯಲ್ಲಿ ಸಮುದ್ರ ದಾಟಿ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸುವ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಕಾನೂನುಬಾಹಿರ ಎಂದಿತು.

ಅರ್ಜಿ ತೀರ್ಮಾನವಾಗುವವರೆಗೆ ಇವರಲ್ಲಿ ಹಲವರನ್ನು ಸರ್ಕಾರ ವಸತಿ ಹೋಟೆಲುಗಳಲ್ಲಿ ಇರಿಸುತ್ತದೆ. ಜನರ ಮುಖ್ಯ ದೂರು: "ಹೋಟೆಲಿನಲ್ಲಿ ಸುಮ್ನೆ ಕೂತು ತಿಂತಾರೆ." ಸುಮ್ನೆ ಕೂರಿಸಿರೋದು ನಿಯಮವೇ ಅಲ್ವಾ? ಅರ್ಜಿ ಹಾಕಿ 12 ತಿಂಗಳು ಕಾದರೂ ತೀರ್ಮಾನ ಬರದಿದ್ದರೆ ಮಾತ್ರ ಕೆಲಸಕ್ಕೆ ಅನುಮತಿ ಕೇಳಬಹುದು. ಅದೂ ಕೆಲವೇ ಬಗೆಯ ಕೆಲಸಕ್ಕೆ. ಅಲ್ಲಿಯವರೆಗೆ ದುಡಿಯುವ ಕೈಗಳು ಕಿಟಕಿ ಪಕ್ಕ ಕೂತು ಪತ್ರಕ್ಕಾಗಿ ಕಾಯಬೇಕು. ಹೊರಗಿನಿಂದ ನೋಡುವವರಿಗೆ ಅದು ಸೋಮಾರಿತನದ ಹಾಗೆ ಕಾಣುತ್ತದೆ.

"ಕದ್ದು ದೋಣಿಯಲ್ಲಿ ಬರ್ತಾರೆ" ಅನ್ನೋ ದೂರೂ ಹಾಗೇ. ಬ್ರಿಟನ್ನಿನ ನೆಲ ಮುಟ್ಟದೆ ಆಶ್ರಯ ಕೇಳುವಂತಿಲ್ಲ, ಅದಕ್ಕೆಂದು ವೀಸಾ ಕೂಡ ಇಲ್ಲ. ಫ್ರಾನ್ಸ್ ಮತ್ತು ಬ್ರಿಟನ್ ನಡುವಿನ ಸಮುದ್ರ, ಅಂದರೆ ಇಂಗ್ಲಿಷ್ ಕಾಲುವೆ, ದಾಟುವಾಗ ಜನ ಮುಳುಗಿ ಸಾಯುತ್ತಲೇ ಇದ್ದಾರೆ. ನನ್ನ ಮಟ್ಟಿಗೆ ತಪ್ಪು ನೀತಿಯದ್ದು. ಸಿಟ್ಟು ಮಾತ್ರ ಕಣ್ಣಿಗೆ ಕಾಣುವ ಬಡಪಾಯಿಗಳ ಮೇಲೆ. 2024ರ ಆಗಸ್ಟ್‌ನ ವಲಸೆ-ವಿರೋಧಿ ಗಲಭೆಯಲ್ಲಿ ಗಲಭೆಕೋರರು ಅವರಿದ್ದ ಹೋಟೆಲಿಗೇ ಬೆಂಕಿ ಹಚ್ಚಲು ಹೋದರು, ಒಳಗೆ ಜನರಿದ್ದರು.