‘ಎಕ್ಸ್ ≥ 0’ ಎಂದು ಬರೆದ ಮಾತ್ರಕ್ಕೆ ಇನ್ವರ್ಸ್ ಸಿಗುವುದಿಲ್ಲ

ಪ್ರಶ್ನೆ: ಎಫ್(ಎಕ್ಸ್) = ಎಕ್ಸ್² − 6ಎಕ್ಸ್ + 13. ಡೊಮೇನ್ ಕತ್ತರಿಸಿ ಇನ್ವರ್ಸ್ ಕಂಡುಹಿಡಿಯಬೇಕಿತ್ತು. ಎಕ್ಸ್ ≥ 0 ಎಂದು ಬರೆದು, 3 ± √(ಎಕ್ಸ್ − 4) ಎಂದು ಉತ್ತರ ಕೊಟ್ಟೆ. ಎರಡೂ ತಪ್ಪಂತೆ. ಯಾಕೆ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಸಾಗರ

ಉತ್ತರ: ಡೊಮೇನ್ ಎಂದರೆ ಎಕ್ಸ್ ಜಾಗದಲ್ಲಿ ಹಾಕಬಹುದಾದ ಸಂಖ್ಯೆಗಳು. ಇನ್ವರ್ಸ್ ಎಂದರೆ ಬಂದ ಉತ್ತರದಿಂದ ಹಾಕಿದ ಸಂಖ್ಯೆಯನ್ನು ವಾಪಸ್ ಕೊಡುವ ಫಂಕ್ಷನ್. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬೇರು ಒಂದೇ. ‘ವರ್ಗ ಕಂಡರೆ ಎಕ್ಸ್ ≥ 0 ಹಾಕು’ ಎಂಬ ಟ್ಯೂಷನ್ ಮಂತ್ರ. ಎಕ್ಸ್²ಗೆ ಅದು ಸರಿ. ನಿಮ್ಮ ಫಂಕ್ಷನ್‌ಗೆ 1 ಹಾಕಿ ನೋಡಿ: 1 − 6 + 13 = 8. 5 ಹಾಕಿ: 25 − 30 + 13 = 8. ಒಂದೂ ಐದೂ ಸೊನ್ನೆಗಿಂತ ದೊಡ್ಡವೇ. 8 ಕೊಟ್ಟರೆ ಇನ್ವರ್ಸ್ ಯಾವುದನ್ನು ವಾಪಸ್ ಕೊಡಬೇಕು?

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ದಿನಾಂಕ ಹೇಳಿದರೆ ಅಂದಿನ ಮಟ್ಟ ಒಂದೇ. ಆದರೆ ‘1790 ಅಡಿ ಇದ್ದದ್ದು ಯಾವತ್ತು?’ ಎಂದರೆ ಮಳೆಗಾಲದಲ್ಲಿ ಏರುವಾಗ ಒಂದು ದಿನ, ಬೇಸಿಗೆಯತ್ತ ಇಳಿಯುವಾಗ ಇನ್ನೊಂದು ದಿನ. ಏರಿಕೆಯ ತುಂಡನ್ನೋ ಇಳಿಕೆಯ ತುಂಡನ್ನೋ ಮಾತ್ರ ಇಟ್ಟುಕೊಂಡರೆ ಗೊಂದಲವಿಲ್ಲ. ಕತ್ತರಿಸಬೇಕಾದದ್ದು ನೀರು ತಿರುಗುವ ಜಾಗದಲ್ಲಿ, ಕ್ಯಾಲೆಂಡರಿನ ಜನವರಿ 1ರಲ್ಲಿ ಅಲ್ಲ. ಸೊನ್ನೆಯಲ್ಲಿ ಕತ್ತರಿಸುವುದು ಜನವರಿ 1ರಲ್ಲಿ ಕತ್ತರಿಸಿದ ಹಾಗೆ.

ತಿರುವು ಹುಡುಕಿ. −6ರ ಅರ್ಧ −3, ಅದರ ವರ್ಗ 9, 13ರಲ್ಲಿ 9 ಕಳೆದರೆ 4. ಅಂದರೆ, ಎಫ್(ಎಕ್ಸ್) ಅನ್ನು ವೈ ಎಂದು ಕರೆದರೆ, ವೈ = (ಎಕ್ಸ್ − 3)² + 4. ತಿರುವು 3ರಲ್ಲಿದೆ. ಎಕ್ಸ್ ≥ 3 ಇಟ್ಟುಕೊಳ್ಳಿ ಅಥವಾ ಎಕ್ಸ್ ≤ 3. ಎರಡನ್ನೂ ಇಟ್ಟುಕೊಳ್ಳುವಂತಿಲ್ಲ.

ಈಗ (ಎಕ್ಸ್ − 3)² = ವೈ − 4. ಅಂಕ ಹೋಗುವುದು ಇದರ ಮುಂದಿನ ಸಾಲಿನಲ್ಲೇ. ಬಲ ತುಂಡಿನಲ್ಲಿ ಎಕ್ಸ್ − 3 ಋಣವಾಗುವುದಿಲ್ಲ, ಆದ್ದರಿಂದ ಎಕ್ಸ್ = 3 + √(ವೈ − 4). ಎಡ ತುಂಡಿನಲ್ಲಿ ಅದು ಧನವಾಗುವುದಿಲ್ಲ, ಆದ್ದರಿಂದ ಎಕ್ಸ್ = 3 − √(ವೈ − 4). ಚಿಹ್ನೆಯನ್ನು ನಿರ್ಧರಿಸುವುದು ನೀವು ಇಟ್ಟುಕೊಂಡ ತುಂಡು. ± ಹಾಗೇ ಉಳಿದರೆ ಅದು ಫಂಕ್ಷನ್ನೇ ಅಲ್ಲ. ‘ಸಿಇಟಿಯಲ್ಲಿ ಪ್ಲಸ್ ಇರುವ ಆಯ್ಕೆಗೆ ಟಿಕ್ ಹಾಕಿ’ ಎಂದು ಹೇಳಿಕೊಡುವವರ ಮಾತು ದಯವಿಟ್ಟು ಕೇಳಬೇಡಿ. ಎಡ ತುಂಡಿನ 1ನ್ನು ಹಾಕಿದರೆ 8, 8ರಿಂದ ಹಿಂದಕ್ಕೆ 3 − 2 = 1. ಪ್ಲಸ್ ಹಾಕಿದ್ದರೆ 5 ಬರುತ್ತಿತ್ತು. ಅದು ಆ ತುಂಡಿನಲ್ಲೇ ಇಲ್ಲ. ಹೀಗೆ ಒಂದು ಸಂಖ್ಯೆ ಹಾಕಿ ತಾಳೆ ನೋಡಲು ಅರ್ಧ ನಿಮಿಷ ಸಾಕು. ಅದನ್ನು ಬಿಡಬೇಡಿ.

ಇನ್ನೊಂದು ಗುಂಡಿ ಇದೆ. ಪ್ರಶ್ನೆಯಲ್ಲೇ ಎಕ್ಸ್ ≥ 5 ಎಂದು ಕೊಟ್ಟಿದ್ದರೆ? ರೂಟ್ ಒಳಗೆ ಋಣ ಬರಬಾರದು ಎಂದಷ್ಟೇ ನೋಡಿ ಇನ್ವರ್ಸ್‌ನ ಡೊಮೇನ್ ‘4ರಿಂದ’ ಎಂದು ಬರೆಯುತ್ತಾರೆ. ಆಗ ಇನ್ವರ್ಸ್‌ಗೆ 5 ಹಾಕಿದರೆ 3 + 1 = 4 ಬರುತ್ತದೆ, ಮೂಲ ಡೊಮೇನ್‌ನಲ್ಲಿ 4 ಇಲ್ಲ. ಮೂಲದ ರೇಂಜೇ (ಅದು ಕೊಡುವ ಉತ್ತರಗಳೇ) ಇನ್ವರ್ಸ್‌ನ ಡೊಮೇನ್. ಇಲ್ಲಿ ಅದು 8ರಿಂದ ಶುರು.

ಪ್ರಶ್ನೆ: ಎಕ್ಸ್ ≥ 0 ಇರುವ 9ಎಕ್ಸ್² + 6ಎಕ್ಸ್ − 5ನ್ನು (3ಎಕ್ಸ್ + 1)² − 6 ಎಂದು ಬರೆದೆ. ರೇಂಜ್ −6ರಿಂದ ಅಲ್ಲವೇ? — ತೀರ್ಥಹಳ್ಳಿ

ಉತ್ತರ: ಅಲ್ಲ. −6 ಬರುವುದು ಎಕ್ಸ್ = −1/3ರಲ್ಲಿ, ಅದು ನಿಮ್ಮ ಡೊಮೇನ್‌ನ ಹೊರಗೆ. ಸೊನ್ನೆಯಲ್ಲಿ −5, ಅಲ್ಲಿಂದ ಶುರು.

ಪ್ರಶ್ನೆ: ಇನ್ವರ್ಸ್ ಅಂದರೆ 1/ಎಫ್ ತಾನೆ? — ಹೊಸನಗರ

ಉತ್ತರ: ಖಂಡಿತ ಅಲ್ಲ. 2ಎಕ್ಸ್‌ನ ಇನ್ವರ್ಸ್ ಎಕ್ಸ್/2.

ಪ್ರಶ್ನೆ: ಎಕ್ಸ್³ಕ್ಕೂ ಕತ್ತರಿಸಬೇಕೇ? — ಶಿಕಾರಿಪುರ

ಉತ್ತರ: ಬೇಡ. ಅದು ಎಲ್ಲೂ ತಿರುಗುವುದಿಲ್ಲ.

ಪ್ರಶ್ನೆ: ಸೈನ್ 150°ಯ ಸೈನ್ ಇನ್ವರ್ಸ್ ತೆಗೆದರೆ 30° ಬರುತ್ತದೆ. ಕ್ಯಾಲ್ಕುಲೇಟರ್ ಕೆಟ್ಟಿದೆಯೇ? — ಭದ್ರಾವತಿ

ಉತ್ತರ: ಕೆಟ್ಟಿಲ್ಲ. ಸೈನ್‌ಗೆ ಇಟ್ಟುಕೊಂಡಿರುವುದು −90°ಯಿಂದ 90°ವರೆಗಿನ ತುಂಡು. 150° ಅದರಾಚೆ ಇದೆ, ತುಂಡಿನೊಳಗೆ ಅದೇ 1/2 ಕೊಡುವ ಕೋನ 30°. ಕಾಸ್‌ಗೆ ಇಟ್ಟುಕೊಂಡಿರುವುದು 0°ಯಿಂದ 180°. ಅಲ್ಲಿ ಇದನ್ನೇ ಮಾಡಿ, 150° ಹಾಗೇ ವಾಪಸ್ ಬರುತ್ತದೆ.