ಕಾಲದ ಜರಡಿ ಹಿಡಿದವರು ಯಾರು?

ಪತ್ರ: ಹದಿನೆಂಟನೆಯ ಶತಮಾನದ ಫ್ರಾನ್ಸಿನ ಕಪ್ಪುವರ್ಣೀಯ ಸಂಗೀತಕಾರ ಶೆವಲಿಯೇ ದ ಸ್ಯಾಂ-ಜಾರ್ಜ್‌ನ ಕೃತಿಗಳ ಕಚೇರಿಗಳನ್ನು ಕಳೆದ ಸಂಚಿಕೆಯಲ್ಲಿ ಮೆಚ್ಚಿ ಬರೆದಿದ್ದೀರಿ. ಸತ್ವವಿದ್ದಿದ್ದರೆ ಕಾಲವೇ ಉಳಿಸಿಕೊಳ್ಳುತ್ತಿತ್ತು. ಮೈಬಣ್ಣ ನೋಡಿ ಸಂಗೀತ ಆರಿಸುವುದು ಸರಿಯೇ? (ಓದುಗರೊಬ್ಬರು, ಧಾರವಾಡ)

ಸಂಪಾದಕರ ಉತ್ತರ: ಸ್ಯಾಂ-ಜಾರ್ಜ್ ಬರೆದದ್ದೆಲ್ಲ ಮೊಜಾರ್ಟ್‌ನ ಎತ್ತರದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕಾಲದ ಜರಡಿಯ ಮೇಲೆ ತಮಗಿರುವ ಭರವಸೆ ನನಗಿಲ್ಲ. ಜರ್ಮನ್ ಸಂಗೀತಕಾರ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಎಂಬ ದೊಡ್ಡ ಗಾಯನಕೃತಿ ಆತ ತೀರಿಕೊಂಡ ಮೇಲೆ ಮೂಲೆ ಸೇರಿತ್ತು. 1829ರಲ್ಲಿ ಇಪ್ಪತ್ತರ ಹರೆಯದ ಸಂಗೀತಕಾರ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಹಟ ಹಿಡಿದು ಹಾಡಿಸಿದ ಮೇಲೆಯೇ ಅದಕ್ಕೆ ಮರುಜೀವ ಬಂದದ್ದು. ಬಾಖ್‌ನ ಕಾಲದವನೇ ಆದ ಇಟಲಿಯ ಸಂಗೀತಕಾರ ವಿವಾಲ್ಡಿಯ ಹಸ್ತಪ್ರತಿಗಳ ಕಟ್ಟುಗಳು ಹೊರಬಿದ್ದದ್ದು 1920ರ ದಶಕದಲ್ಲಿ. ಕಾಲವೇ ಕಾಯುವುದಾಗಿದ್ದರೆ ಇವರಿಬ್ಬರನ್ನು ಯಾಕೆ ಕಾಯಲಿಲ್ಲ? ಅವರನ್ನು ಎತ್ತಿ ತಂದವರ ಮೇಲೆ ಪಕ್ಷಪಾತದ ಆರೋಪ ಹೊರಿಸಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಮೈಬಣ್ಣದ ವಿಷಯ. ಸ್ಯಾಂ-ಜಾರ್ಜ್ 1745ರಲ್ಲಿ ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತಾದ ಗ್ವಾಡಲೂಪ್ ದ್ವೀಪದಲ್ಲಿ, ತೋಟದ ಒಡೆಯನೊಬ್ಬನಿಗೂ ಗುಲಾಮಳಾಗಿದ್ದ ನಾನೋನ್‌ಗೂ ಹುಟ್ಟಿದವನು. ಕತ್ತಿವರಸೆಯಲ್ಲಿ ಯೂರೋಪಿನಲ್ಲೇ ಹೆಸರು ಮಾಡಿದ ಆತ 1773ರ ಹೊತ್ತಿಗೆ ಪ್ಯಾರಿಸ್ಸಿನ ಶ್ರೇಷ್ಠ ವಾದ್ಯವೃಂದಗಳಲ್ಲೊಂದರ ಮುಂದಾಳಾಗಿದ್ದ. 1776ರಲ್ಲಿ ಆಪರಾಗಳನ್ನು, ಅಂದರೆ ಹಾಡಿನಲ್ಲೇ ಸಾಗುವ ನಾಟಕಗಳನ್ನು, ಆಡಿಸುವ ಪ್ಯಾರಿಸ್ ಆಪರಾ ಸಂಸ್ಥೆಯ ನಿರ್ದೇಶಕ ಸ್ಥಾನಕ್ಕೆ ಆತನ ಹೆಸರು ಬಂದಾಗ, ಮಿಶ್ರವರ್ಣೀಯನೊಬ್ಬನ ಅಪ್ಪಣೆಗೆ ಒಳಗಾಗುವುದು ತಮ್ಮ ಮಾನಕ್ಕೆ ಕುಂದೆಂದು ಅಲ್ಲಿಯ ಪ್ರಮುಖ ಕಲಾವಿದೆಯರು ರಾಣಿ ಮಾರಿ ಆಂತ್ವಾನೆತ್‌ಗೆ ಅರ್ಜಿ ಬರೆದರು; ಆ ಸ್ಥಾನ ಆತನಿಗೆ ಸಿಗಲಿಲ್ಲ. ಆತ ತೀರಿಕೊಂಡದ್ದು 1799ರಲ್ಲಿ. ಫ್ರೆಂಚ್ ವಸಾಹತುಗಳಲ್ಲಿ 1794ರಲ್ಲಿ ರದ್ದಾಗಿದ್ದ ಗುಲಾಮಗಿರಿಯನ್ನು 1802ರಲ್ಲಿ ನೆಪೋಲಿಯನ್ ಮರಳಿ ತಂದ. ಸ್ಯಾಂ-ಜಾರ್ಜ್‌ನ ಆಪರಾಗಳ ಪೈಕಿ ಇಡಿಯಾಗಿ ಉಳಿದದ್ದು 1780ರದ್ದೊಂದೇ. ಮೈಬಣ್ಣವನ್ನು ಮೊದಲು ಲೆಕ್ಕಕ್ಕೆ ತಂದವರು ಇಂದಿನ ಆಯೋಜಕರಲ್ಲ, ಸ್ವಾಮಿ.

ಆ ಆಯೋಜಕರ ಮೇಲೂ ನನಗೆ ಸಿಟ್ಟಿದೆ, ಅದರ ಕಾರಣ ಬೇರೆ. ಮೊಜಾರ್ಟ್‌ಗಿಂತ ಹನ್ನೊಂದು ವರ್ಷ ಹಿರಿಯನಾದವನನ್ನು ಭಿತ್ತಿಪತ್ರಗಳಲ್ಲಿ 'ಕಪ್ಪು ಮೊಜಾರ್ಟ್' ಎಂದು ಕರೆಯುತ್ತಾರೆ. ಸಭಿಕರು ಕುರ್ಚಿ ಹುಡುಕಿಕೊಳ್ಳುವ ಹೊತ್ತಿಗೆ ಆತನದೊಂದು ಚಿಕ್ಕ ಕೃತಿ ನುಡಿಸಿ, ಕತ್ತಿವರಸೆಯ ಕಥೆ ಹೇಳಿ, ಕಚೇರಿಯ ತಿರುಳನ್ನು ಎಂದಿನ ದೊಡ್ಡ ಹೆಸರುಗಳಿಗೇ ಬಿಟ್ಟುಕೊಡುತ್ತಾರೆ. ಗೌರವದ ಹೆಸರಿನಲ್ಲಿ ನಡೆಯುವ ಈ ಉಪೇಕ್ಷೆ ಸಂಗೀತಕ್ಕಷ್ಟೇ ಸೀಮಿತವಲ್ಲ. ಜಯಂತಿಯ ದಿನ ಹಾರ ಹಾಕಿ, ಬರೆದದ್ದನ್ನು ಓದದೆ ಬಿಡುವುದು ಎಲ್ಲ ಕಡೆಯೂ ರೂಢಿಯಾಗಿದೆ.

ತಮ್ಮ ಬರವಣಿಗೆ ನೋಡಿದರೆ ತಾವು ಕಿವಿಯುಳ್ಳವರೆಂದೇ ತೋರುತ್ತದೆ. ಆದರೂ ಇಡೀ ಪತ್ರದಲ್ಲಿ ಆತನ ಒಂದು ಕೃತಿಯ ಹೆಸರೂ ಇಲ್ಲವಲ್ಲ! ಐದನೆಯ ಓಪಸ್‌ನ (ಪ್ರಕಟಿತ ಕೃತಿಗುಚ್ಛದ) ಎ ಮೇಜರ್ ಪಿಟೀಲು ಕಾನ್ಚೆರ್ಟೊದಿಂದ, ಅಂದರೆ ವಾದ್ಯವೃಂದದೊಡನೆ ಒಂಟಿ ಪಿಟೀಲು ನುಡಿಯುವ ಕೃತಿಯಿಂದ, ಆರಂಭಿಸಿ. ನಡುವಿನ ವಿಳಂಬಗತಿಯ ಭಾಗವನ್ನು ಎರಡು ಸಲ ಕೇಳಿ, ಆಮೇಲೆ ಸತ್ವದ ಬಗ್ಗೆ ಬರೆಯಿರಿ. ಆ ಪತ್ರವನ್ನೂ ಪ್ರಕಟಿಸುತ್ತೇನೆ.