ತುಂಬಿದ ಬಾಟಲ್ ತುಂಬಿದ ಹಾಗೇ ವಾಪಸ್

ನಿಮ್ಮ ಪತ್ರ ನಾಲ್ಕು ಪುಟ ಇದೆ ತಂಗಿ. ಮೂರೂವರೆ ಪುಟ ಸೂಪರ್‌ವೈಸರ್ ಬಗ್ಗೆಯೇ. ಉಳಿದ ಅರ್ಧ ಪುಟದಲ್ಲಿ ಗಂಡ, ಅಕ್ಕ, ಮಕ್ಕಳು, ಸಂಘದ ಸಾಲ ಎಲ್ಲ ಬಂದು ಹೋಗುತ್ತವೆ. ಆ ಅರ್ಧ ಪುಟದ ಒಂದು ಸಾಲು ಓದಿದ ಮೇಲೆ ನನಗೆ ಮುಂದೆ ಓದಲು ಆಗಲಿಲ್ಲ. ಪತ್ರ ಮಡಚಿಟ್ಟು ಎದ್ದು ಹೋದೆ. ರಾತ್ರಿ ಮತ್ತೆ ತೆಗೆದು ಓದಿದೆ. ಈ ವಾರ ಬೇರೆ ಪತ್ರಗಳಿಗೆ ಉತ್ತರ ಇಲ್ಲ, ಓದುಗರು ಕ್ಷಮಿಸಬೇಕು.

ವಿಷಯ ಇಷ್ಟು. ಪತ್ರ ಬರೆದವರಿಗೆ 34 ವರ್ಷ. ಮದ್ದೂರು ಕಡೆಯ ಹಳ್ಳಿ. ಬೆಳಿಗ್ಗೆ ಆರೂಮುಕ್ಕಾಲಿಗೆ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಮನೆ ಸೇರುವಾಗ ಸಂಜೆ ಏಳು. ಶರ್ಟಿಗೆ ಕಾಲರ್ ಕೂರಿಸುವ ಟೈಲರ್. ಆರು ತಿಂಗಳ ಹಿಂದೆ ಲೈನ್‌ಗೆ ಹೊಸ ಸೂಪರ್‌ವೈಸರ್ ಬಂದಿದ್ದಾನೆ. ಟಾರ್ಗೆಟ್ ತಪ್ಪಿದರೆ, ಪೀಸ್ ವಾಪಸ್ ಬಂದರೆ ಎಲ್ಲರ ಮುಂದೆ ಕೂಗಾಡುತ್ತಾನೆ. ಒಮ್ಮೆ ಬಂಡಲ್ ಎತ್ತಿ ಮಡಿಲಿಗೆ ಎಸೆದಿದ್ದಾನೆ. ಇವರಿಗೆ ನಿದ್ದೆ ಹೋಗಿದೆ. ಭಾನುವಾರ ಸಂಜೆಯಾದರೆ ಎದೆ ಡವಡವ. ಗಂಡ ‘ಬಿಟ್ಟುಬಿಡು’ ಅನ್ನುತ್ತಾರೆ. ಅದೇ ಫ್ಯಾಕ್ಟರಿಯಲ್ಲಿ 14 ವರ್ಷದಿಂದ ದುಡಿಯುತ್ತಿರುವ ಅಕ್ಕ ‘ಸಹಿಸ್ಕೋ’ ಅನ್ನುತ್ತಾರೆ. ಸಂಘದ ಸಾಲ ಇನ್ನೂ 18 ಕಂತು ಇದೆ. ಕೆಲಸ ಬಿಡಲೋ, ಇರಲೋ?

ಈಗ ಆ ಸಾಲು. ‘ಬಾತ್ರೂಮ್ ಕಾಟ ಒಂದು ನನಗಿಲ್ಲ ಮೇಡಂ. ಲೈನ್‌ಗೆ ಬಾತ್ರೂಮ್ ಟೋಕನ್ ಒಂದೇ ಇರೋದು, ಅದಕ್ಕೇ ಕಿತ್ತಾಟ. ನಾನು ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರೆ ಮತ್ತೆ ಮನೆಗೆ ಬಂದೇ ನೀರು ಕುಡಿಯೋದು. ಅಕ್ಕ ಹೇಳಿಕೊಟ್ಟಿದ್ದು. ಉರಿಮೂತ್ರ ಆಗಾಗ ಬರುತ್ತೆ, ಮೆಡಿಕಲ್‌ನಲ್ಲಿ ಮಾತ್ರೆ ತಗೋತೀನಿ, ಹೋಗುತ್ತೆ.’

ಆಗಾಗ ಅಂದರೆ ಎಷ್ಟು ಸಲ? ಪತ್ರವನ್ನು ಇನ್ನೊಮ್ಮೆ ಹುಡುಕಿದೆ. ಯುಗಾದಿಗೆ ಒಬ್ಬಟ್ಟು ಮಾಡಲಾಗದೆ ಮಲಗಿದ್ದಿರಿ. ಶಾಲೆ ಶುರುವಾದ ವಾರ ಮತ್ತೆ. ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಮತ್ತೆ. ಆರು ತಿಂಗಳೊಳಗೆ ಮೂರು ಸಲ. ಇದನ್ನು ನೀವು ‘ನನಗಿಲ್ಲದ ಕಾಟ’ ಅಂತ ಬರೆದಿದ್ದೀರಿ.

ನನಗೆ ಈ ಜಾಣತನ ಚೆನ್ನಾಗಿ ಗೊತ್ತು. 1994ರಲ್ಲಿ ನಾನು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಒಬ್ಬ ಸಹೋದ್ಯೋಗಿಯ ಮನೆ. ಮಧ್ಯಾಹ್ನ ಒಂದು ಸಲ ಎಲ್ಲರೂ ಅಲ್ಲಿಗೆ ಹೋಗಿ ಬರುತ್ತಿದ್ದೆವು. ಆಕೆ ರಜೆ ಹಾಕಿದ ದಿನ ನಾವ್ಯಾರೂ ನೀರು ಮುಟ್ಟುತ್ತಿರಲಿಲ್ಲ. ಟೇಬಲ್ ಮೇಲೆ ತಾಮ್ರದ ಚೊಂಬು ತುಂಬಿರುತ್ತಿತ್ತು, ಮೇಲೆ ಮುಚ್ಚಿದ ಲೋಟ ಸಂಜೆವರೆಗೂ ಒಣಗಿಯೇ ಇರುತ್ತಿತ್ತು. ಇದು ತಪ್ಪು ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಅದೇ ನನಗೆ ಇವತ್ತಿಗೂ ಸಂಕಟ.

ನೀರು ಕಮ್ಮಿ ಕುಡಿದರೆ ಮೂತ್ರ ಕಮ್ಮಿ. ಬಂದದ್ದನ್ನೂ ತಡೆದು ಹಿಡಿದರೆ ಚೀಲದಲ್ಲಿ ಸೇರಿದ ಕ್ರಿಮಿ ಹೊರಗೆ ಕೊಚ್ಚಿ ಹೋಗುವುದಿಲ್ಲ, ಅಲ್ಲೇ ಬೆಳೆಯುತ್ತದೆ. ಮೆಡಿಕಲ್ ಮಾತ್ರೆ ಎರಡು ದಿನ ನುಂಗಿ, ಉರಿ ನಿಂತ ಕೂಡಲೇ ಬಿಟ್ಟರೆ ಕ್ರಿಮಿ ಪೂರ್ತಿ ಸಾಯುವುದಿಲ್ಲ. ಮುಂದಿನ ಸಲ ಅದೇ ಮಾತ್ರೆಗೆ ಜಗ್ಗದೆಯೂ ಇರಬಹುದು. ಸೋಂಕು ಮೇಲೆ ಹತ್ತಿದರೆ ಕಿಡ್ನಿಗೆ ಹೋಗುತ್ತದೆ. ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ಒಂದು ದಿನವೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು ಇದೆ. ಮೈಗೆ ನೀರು ಸಾಲದಿದ್ದರೆ ತಲೆ ನೋಯುತ್ತದೆ, ಗಮನ ನಿಲ್ಲುವುದಿಲ್ಲ, ಸಣ್ಣದಕ್ಕೂ ಸಿಡುಕು ಬರುತ್ತದೆ. ನೀವೇ ಬರೆದಿದ್ದೀರಿ: ಬೆಳಿಗ್ಗೆ ಚೆನ್ನಾಗಿ ಹೊಲಿಯುತ್ತೇನೆ, ಮೂರು ಗಂಟೆ ಮೇಲೆ ಕಾಲರ್ ತುದಿ ಸೊಟ್ಟ ಆಗುತ್ತದೆ, ಬಿಚ್ಚಿ ಹೊಲಿಯಬೇಕಾಗುತ್ತದೆ, ಆಗಲೇ ಅವನು ಬರುತ್ತಾನೆ. ಮೂರು ಗಂಟೆಗೆ ನಿಮ್ಮ ಹೊಟ್ಟೆಯಲ್ಲಿ ಬೆಳಗಿನ ಅರ್ಧ ಲೋಟ ಕಾಫಿ ಬಿಟ್ಟರೆ ಬೇರೆ ನೀರಿಲ್ಲ. ಮುದ್ದೆ ಊಟಕ್ಕೂ ಒಂದು ಗುಟುಕು ಮಾತ್ರ ಅಂತೀರಿ. ಅವನ ಬೈಗುಳ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನನಗೆ ಕೆಲಸ ಮರೆತು ಹೋಗಿದೆ, ನಾನೇ ದಡ್ಡಿ’ ಅಂತ ನಿಮ್ಮನ್ನು ನೀವು ಬೈದುಕೊಂಡಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಹತ್ತು ವರ್ಷ ಹೊಲಿದ ಕೈ ಆರು ತಿಂಗಳಲ್ಲಿ ಮರೆಯುವುದಿಲ್ಲ.

ಸೂಪರ್‌ವೈಸರ್‌ಗೆ ನಾನು ಹೆಚ್ಚು ಜಾಗ ಕೊಡಲ್ಲ. ಅವನಿಗೂ ಮೇಲಿನಿಂದ ಗಂಟೆಗೊಮ್ಮೆ ಬೋರ್ಡ್ ನೋಡಿ ಕೇಳುವವರಿದ್ದಾರೆ. ಬಂಡಲ್ ಎಸೆದದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಯಾರು ನೋಡಿದರು ಅನ್ನೋದೂ ಇರಲಿ. ಗಂಡನ ಮೇಲೂ ನನಗೆ ಸಿಟ್ಟಿಲ್ಲ. ಹೆಂಡತಿ ರಾತ್ರಿ ಎದ್ದು ಕೂರುವುದನ್ನು ನೋಡಿದ ಮನುಷ್ಯ ‘ಬಿಟ್ಟುಬಿಡು’ ಅಂದಿದ್ದಾರೆ, ಅಷ್ಟೇ.

ನನಗೆ ಸಿಟ್ಟು ಬಂದಿರುವುದು ನಿಮ್ಮ ಅಕ್ಕನ ಮೇಲೆ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ಕೆಲಸಕ್ಕೆ ಸೇರಿಸಿದ್ದು ಅವರೇ, ಮೊದಲ ತಿಂಗಳು ಊಟ ಹಂಚಿಕೊಂಡಿದ್ದೂ ಅವರೇ. ಪ್ರೀತಿ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ‘ನಾನು ಹದಿನಾಲ್ಕು ವರ್ಷ ಹಿಂಗೇ ಮಾಡಿದೀನಿ, ನನಗೇನಾಯ್ತು’ ಅಂದಿದ್ದಾರೆ. ಏನೂ ಆಗಿಲ್ಲವಾ? ಅಕ್ಕನಿಗೆ ಹೋದ ವರ್ಷ ಕಲ್ಲು ತೆಗೆಸಿದರು ಅಂತ ನೀವೇ ಬರೆದಿದ್ದೀರಿ. ನೀರು ಕಮ್ಮಿ ಕುಡಿಯುವವರಿಗೆ ಕಿಡ್ನಿ ಕಲ್ಲು ಬರುವ ಸಾಧ್ಯತೆ ಜಾಸ್ತಿ ಅನ್ನೋದು ಯಾವ ಡಾಕ್ಟರನ್ನು ಕೇಳಿದರೂ ಗೊತ್ತಾಗುತ್ತದೆ. ಮೇಲಿನವರ ಜೋರು ನಮಗೆ ಜೋರು ಅಂತಲಾದರೂ ಗೊತ್ತಾಗುತ್ತದೆ. ‘ಅಡ್ಜಸ್ಟ್ ಮಾಡ್ಕೋ’ ಅನ್ನೋದನ್ನು ಅಕ್ಕ, ಅಮ್ಮ, ಅತ್ತೆ ಪ್ರೀತಿಯಿಂದ ಹೇಳುತ್ತಾರೆ, ಹಾಗಾಗಿ ನಾವು ತಲೆಬಾಗಿ ತಗೋತೀವಿ. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಈಗ ಟೋಕನ್ ವಿಷಯ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು: ಕಾರ್ಮಿಕರು ಕಾರ್ಖಾನೆಯಲ್ಲಿ ಇರುವಷ್ಟು ಹೊತ್ತೂ, ಯಾವಾಗ ಬೇಕಾದರೂ ಹೋಗುವ ಹಾಗೆ ಶೌಚಾಲಯ ಇರಬೇಕು. ಕುಡಿಯುವ ನೀರಿನ ಜಾಗಕ್ಕೆ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಬೋರ್ಡ್ ಇರಬೇಕು. 250ಕ್ಕಿಂತ ಹೆಚ್ಚು ಜನ ಇದ್ದರೆ ಬೇಸಿಗೆಯಲ್ಲಿ ತಣ್ಣಗಿನ ನೀರು ಕೊಡಬೇಕು. ನಿಮ್ಮ ಹಕ್ಕಿಗೆ 75 ವರ್ಷ ದಾಟಿದೆ ತಂಗಿ. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ನೀರು, ಶೌಚಾಲಯ ಕೊಡಲೇಬೇಕು ಅಂತ ಇದೆ. ನಿಮ್ಮಲ್ಲಿ 900 ಜನ ಇದ್ದೀರಿ. ಇಷ್ಟು ಜನ ಇದ್ದ ಮೇಲೆ ಕಾರ್ಮಿಕರ ಯೋಗಕ್ಷೇಮ ನೋಡಲು ವೆಲ್ಫೇರ್ ಆಫೀಸರ್ ಇರಲೇಬೇಕು. ಅವರ ಮುಖ ನೀವು ಆಯುಧಪೂಜೆ ದಿನ ಬಿಟ್ಟು ನೋಡಿಲ್ಲ ಅಂತೀರಿ, ಈಗ ನೋಡಬೇಕು.

‘ನಮ್ಮಂಥವರ ಮಾತು ಯಾರು ಕೇಳ್ತಾರೆ’ ಅಂತಲೂ ಬರೆದಿದ್ದೀರಿ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡು ತೆಗೆಯುವ ನಿಯಮ ಬದಲಾಯಿತು ಅಂತ ಬೆಂಗಳೂರಿನ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದವರು ನಿಮ್ಮಂಥ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ನಿಮ್ಮ ಅಕ್ಕ ಆಗ ಕೆಲಸದಲ್ಲಿದ್ದರು, ಕೇಳಿ ನೋಡಿ.

ಹಾಗಂತ ನೀವು ನಾಳೆ ರಸ್ತೆಗೆ ಇಳಿಯಬೇಕಿಲ್ಲ. ಬಿಡಲೋ ಇರಲೋ ಅನ್ನುವ ಪ್ರಶ್ನೆಗೂ ಈಗ ಉತ್ತರ ಕೊಡಲ್ಲ. ನಿದ್ದೆ ಇಲ್ಲದ, ಮೈ ಒಣಗಿದ ಹೊತ್ತಿನಲ್ಲಿ ಅಂಥ ನಿರ್ಧಾರ ಬೇಡ. ನಿಮಗೆ ಹೇಳುವುದು ಒಂದೇ: ಸೋಮವಾರ ರಜೆ ಹಾಕಿ, ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆಗೆ ಹೋಗಿ.

ಅಟೆಂಡೆನ್ಸ್ ಬೋನಸ್ ಹೋಗುತ್ತದೆ ಅಂತೀರಿ. ಹೋಗಲಿ. ನಿಮ್ಮ 13,000 ಸಂಬಳದಲ್ಲಿ ಇಎಸ್‌ಐಗೆ ಅಂತ 0.75% ಕಟ್ ಆಗುತ್ತದೆ, ತಿಂಗಳಿಗೆ ಹತ್ತಿರ ಹತ್ತಿರ 100 ರೂಪಾಯಿ. ಮಾಲೀಕರು 3.25% ಸೇರಿಸುತ್ತಾರೆ, ಅದು 400ಕ್ಕೂ ಮೇಲೆ. ಇಷ್ಟು ವರ್ಷ ಕಟ್ಟಿ, ಕಾರ್ಡನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿ, ಮೆಡಿಕಲ್ ಸ್ಟೋರಿಗೆ ದುಡ್ಡು ಸುರಿಯುತ್ತಿದ್ದೀರಿ. ಕಾರ್ಡ್ ತೆಗೆಯಿರಿ. ಮೂತ್ರ ಪರೀಕ್ಷೆ, ಕಲ್ಚರ್ (ಯಾವ ಕ್ರಿಮಿ ಅಂತ ಬೆಳೆಸಿ ನೋಡುವ ಪರೀಕ್ಷೆ) ಎರಡೂ ಮಾಡಿ ಅಂತ ಕೇಳಿ. ಮೂರು ಸಲ ಬಂದಿದೆ ಅನ್ನುವುದನ್ನು ಮೊದಲೇ ಹೇಳಿ. ಮಾತ್ರೆ ಕೊಟ್ಟಷ್ಟು ದಿನವೂ ತಗೊಳ್ಳಿ. ವಿಶ್ರಾಂತಿ ಬೇಕು ಅಂತ ಅಲ್ಲಿನ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ, ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರುವವರಿಗೆ ಸಂಬಳದ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ದುಡುಕಿ ಕೆಲಸ ಬಿಟ್ಟರೆ ಕೆಲವೇ ತಿಂಗಳಲ್ಲಿ ಈ ಕಾರ್ಡೂ ನಿಂತುಹೋಗುತ್ತದೆ. ನಿದ್ದೆ ಬರಲ್ಲ, ಎದೆ ಹೊಡೆದುಕೊಳ್ಳುತ್ತದೆ ಅನ್ನುವುದನ್ನೂ ಡಾಕ್ಟರ್ ಮುಂದೆ ಹೇಳಿ. ಅಲ್ಲಿ ಹೇಳಲು ಬಾಯಿ ಬರದಿದ್ದರೆ ರಾತ್ರಿ ಮನೆಯಿಂದಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೊರಡುವ ಮೊದಲು ಡಾಕ್ಟರ್ ಹತ್ತಿರ ಒಂದು ಸಾಲು ಬರೆಸಿಕೊಳ್ಳಿ: ಇವರು ದಿನವಿಡೀ ನೀರು ಕುಡಿಯಬೇಕು, ಶೌಚಾಲಯಕ್ಕೆ ಹೋಗಲು ತಡೆ ಇರಬಾರದು. ಏನಿದ್ದರೂ ಬರವಣಿಗೆಯಲ್ಲಿ ಇರಲಿ ಅಂತ ನಾನು ಸುಮ್ನೆ ಹೇಳುವುದಲ್ಲ. ಆ ಚೀಟಿಯ ಜೆರಾಕ್ಸ್ ವೆಲ್ಫೇರ್ ಆಫೀಸರ್ ಕೈಗೆ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಅವರ ಸಹಿ ಹಾಕಿಸಿ. ಅವರೂ ಕೇಳದಿದ್ದರೆ ನನಗೆ ಬರೆಯಿರಿ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಅರ್ಜಿ ಹೇಗೆ ಬರೆಯಬೇಕು ಅಂತ ಜೊತೆಯಲ್ಲಿ ಕೂತು ನೋಡೋಣ.

ಪತ್ರದ ಕೊನೆಗೆ, ಸಹಿ ಹಾಕಿದ ಮೇಲೆ, ಮೂಲೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೀರಿ. ಎಂಟನೇ ಕ್ಲಾಸಿನ ಮಗಳೂ ನಿಮ್ಮ ಥರವೇ ಗಟ್ಟಿ, ಶಾಲೆಯ ಬಾತ್ರೂಮ್‌ಗೆ ಹೋಗುವುದೇ ಇಲ್ಲ, ಬಾಟಲ್ ತುಂಬಿದ ಹಾಗೇ ವಾಪಸ್ ತರುತ್ತಾಳೆ. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ನಿಮ್ಮನ್ನು ನೋಡಿ ಕಲಿತಿದ್ದಾಳೆ. ಸೋಮವಾರ ಅವಳನ್ನೂ ಕರೆದುಕೊಂಡು ಹೋಗಿ, ನಿಮ್ಮ ಕಾರ್ಡಿನಲ್ಲೇ ಅವಳಿಗೂ ನಡೆಯುತ್ತದೆ. ಹೋಗುವಾಗ ಇಬ್ಬರಿಗೂ ಒಂದೊಂದು ಬಾಟಲ್ ತುಂಬಿಕೊಳ್ಳಿ. ಆಸ್ಪತ್ರೆಯ ಸಾಲಿನಲ್ಲಿ ಕೂತು ಅಲ್ಲೇ ಖಾಲಿ ಮಾಡಿ, ಮೊದಲು ನೀವು ಕುಡಿಯಿರಿ, ಅವಳು ನೋಡಲಿ.